ಬಿಸಿಲ ನಾಡಿನ ಚಳಿಗಾಲ

ಬಾಗಲಕೋಟೆ ಜಿಲ್ಲೆಯೆಂದರೆ ಬಿಸಿಲ ನಾಡು ಎಂಬುದೇ ಹೊರಗಿನವರ ತಿಳಿವಳಿಕೆ. ಆದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಬೆಳಗು ಬೇರೆಯೇ ಆಗಿರುತ್ತದೆ. ಮಧ್ಯಾಹ್ನ ನೆರಳು ಹುಡುಕಿದವರೇ ಮರುದಿನ ನಸುಕಿನಲ್ಲಿ ಬೆಂಕಿಯ ಸುತ್ತ ಕೂತಿರುತ್ತಾರೆ.

ಇದಕ್ಕೆ ಕಾರಣ ಸಮುದ್ರದಿಂದ ದೂರವಿರುವ ಈ ಬಯಲಿನ ಒಣ ಹವೆ. ಹಗಲು ನೆಲ ಹೀರಿದ ಕಾವು, ಮೋಡವಿಲ್ಲದ ರಾತ್ರಿಯಲ್ಲಿ ತಡೆಯಿಲ್ಲದೆ ಆಕಾಶಕ್ಕೆ ಹೋಗಿಬಿಡುತ್ತದೆ. ಬಯಲು ಪ್ರದೇಶದ ಕನಿಷ್ಠ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದು ಗುರುತಿಸುತ್ತದೆ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಗೆ ‘ಚಿಲ್ಲೈ ಕಲಾನ್’ ಎಂದು ಹೆಸರು. ಅಲ್ಲಿ ಹಗಲೂ ಚಳಿ. ಆದ್ದರಿಂದ ಜನ ಫಿರನ್ ಎಂಬ ನಿಲುವಂಗಿಯೊಳಗೆ ಕೆಂಡ ತುಂಬಿದ ಕಾಂಗ್ಡಿ ಹಿಡಿದೇ ಓಡಾಡುತ್ತಾರೆ. ಕೃಷ್ಣಾ, ಘಟಪ್ರಭಾ ತೀರದ ಚಳಿ ಹಾಗಲ್ಲ. ಅದು ರಾತ್ರಿಯದು, ನಸುಕಿನದು. ಹಗಲಿನ ಕಾವನ್ನು ಬೆಳಗಾಗುವವರೆಗೆ ಉಳಿಸಿಕೊಂಡರೆ ಸಾಕು. ಇಲ್ಲಿನವರ ಜಾಣತನವೆಲ್ಲ ಅದರಲ್ಲಿದೆ.

ಮಣ್ಣು, ನೂಲು, ಉಣ್ಣೆ

ಮೊದಲನೆಯದು ಮನೆ. ದಪ್ಪ ಗೋಡೆಯ ಮೇಲ್ಮುದ್ದೆ ಮನೆ ಹಗಲು ನಿಧಾನವಾಗಿ ಕಾಯುತ್ತದೆ, ರಾತ್ರಿ ನಿಧಾನವಾಗಿ ಆರುತ್ತದೆ. ಬೇಸಿಗೆಯಲ್ಲಿ ತಂಪು ಕೊಡುವ ಮಣ್ಣೇ ಚಳಿಯಲ್ಲಿ ಬೆಚ್ಚಗಿಡುತ್ತದೆ. ತಗಡಿನ ಮನೆ ಮಾತ್ರ ಬಿಸಿಲು ಇಳಿದ ಕೆಲಹೊತ್ತಿಗೇ ತಣ್ಣಗಾಗುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಬೀಳಗಿ ತಾಲ್ಲೂಕಿನ ಹಳ್ಳಿಗಳ ಜನ ಪುನರ್ವಸತಿ ಕೇಂದ್ರಗಳಿಗೆ ಹೋದಾಗ ಇಂಥ ಮಣ್ಣಿನ ಮನೆಗಳನ್ನೂ ಬಿಟ್ಟು ಹೋಗಬೇಕಾಯಿತು.

ಎರಡನೆಯದು ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿದ ಹೊದಿಕೆಯಿದು. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಕಾವನ್ನು ಹೊರಬಿಡದೆ ಹಿಡಿದಿಡುತ್ತದೆ. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ನೇಯ್ದ ಹತ್ತಿ ಸೀರೆ, ಉಟ್ಟು ಸವೆದ ಮೇಲೆ ಕೌದಿಯಾಗಿ ಮತ್ತೊಂದು ಜನ್ಮ ಪಡೆಯುತ್ತಿತ್ತು. ಕೃತಕ ನೂಲಿನ ಸೀರೆಗಳು ಹೆಚ್ಚಿದಂತೆ ಮೆತ್ತನೆಯ ಕೌದಿಗೆ ಬೇಕಾದ ಹಳೆಯ ಅರಿವೆಯೇ ಮನೆಗಳಲ್ಲಿ ಕಡಿಮೆಯಾಗಿದೆ. ಹೊಲ ಕಾಯುವವರಿಗೆ, ಕುರಿಗಾರರಿಗೆ ಕಂಬಳಿಯೇ ಆಸರೆ. ಡೆಕ್ಕನಿ ಕುರಿಯ ಉಣ್ಣೆಯಿಂದ ಕುರುಬರು ನೇಯುವ ಈ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡುತ್ತಾರೆ.

ಬೆಳೆಗೆ ಬೇಕಾದ ಚಳಿ

ರೈತನಿಗಂತೂ ಈ ಚಳಿ ಬೇಕೇಬೇಕು. ಹಿಂಗಾರಿ ಜೋಳ, ಕಡಲೆ, ಗೋಧಿ ಬೆಳೆಯುವುದು ಮಳೆ ನಿಂತ ಮೇಲೆ ಎರೆ ಮಣ್ಣಿನಲ್ಲಿ ಉಳಿದ ಹಸಿಯ ಮೇಲೆ. ತಂಪು ಹವೆಯಲ್ಲಿ ಆ ಹಸಿ ಬೇಗ ಆರುವುದಿಲ್ಲ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಕಾಳು ಉದುರಿಸಿ ತಿನ್ನುವ ಸೀತನಿ ಈ ದಿನಗಳದೇ ರುಚಿ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾ ಹೋಳಿಗೆಗಳನ್ನು ಎಳೆಬಿಸಿಲಲ್ಲಿ ಕೂತು ಉಣ್ಣುತ್ತಾರೆ. ಎಳ್ಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಚಳಿಯಲ್ಲಿ ದುಡಿಯುವ ದೇಹಕ್ಕೆ ಇದು ತಕ್ಕ ಆಹಾರ.

ಕಬ್ಬಿಗೂ ಚಳಿ ಬೇಕು. ರಾತ್ರಿಗಳು ತಣ್ಣಗಾದಾಗ ಕಬ್ಬಿನ ಬೆಳವಣಿಗೆ ತಗ್ಗಿ ಅದರಲ್ಲಿ ಸಕ್ಕರೆ ಅಂಶ ಕೂಡುತ್ತದೆ. ಮುಧೋಳ, ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಗಳು ಚಳಿಗಾಲದಲ್ಲಿ ಹಗಲಿರುಳು ಕಬ್ಬು ನುರಿಸುವುದು ಇದಕ್ಕಾಗಿಯೇ. ಗಾಣದ ಮನೆಯ ಒಲೆ ಮುಂದೆ ಮೈ ಕಾಯಿಸುತ್ತ ಬಿಸಿ ಬೆಲ್ಲ ತಿನ್ನುವ ಸುಖವೂ ಇದೇ ಹಂಗಾಮಿನದು.

ಗುಡಿಸಲಿನ ರಾತ್ರಿ

ಈ ಸುಖದ ಇನ್ನೊಂದು ಮಗ್ಗುಲು ಹೊಲದ ಬದುವಿನಲ್ಲಿದೆ. ಮಹಾರಾಷ್ಟ್ರದ ಬೀಡ್ ಮೊದಲಾದ ಜಿಲ್ಲೆಗಳಿಂದ ಕಬ್ಬು ಕಡಿಯಲು ಬರುವ ಕುಟುಂಬಗಳು ಹಂಗಾಮು ಮುಗಿಯುವವರೆಗೆ ರವದಿ, ಪ್ಲಾಸ್ಟಿಕ್ ಹಾಳೆಗಳ ಗುಡಿಸಲುಗಳಲ್ಲಿ ಇರುತ್ತವೆ. ಕೂಸುಗಳೂ ಜೊತೆಗಿರುತ್ತವೆ. ನಸುಕಿನಲ್ಲೇ ಇಬ್ಬನಿ ಹಿಡಿದ ಕಬ್ಬಿಗೆ ಕೈ ಹಾಕಬೇಕು. ಹಗಲಿನ ಕಾವನ್ನು ಕೂಡಿಡುವ ಮಣ್ಣಿನ ಗೋಡೆ ಆ ಗುಡಿಸಲಿಗಿಲ್ಲ. ಹಗುರವಾದ ಪ್ಲಾಸ್ಟಿಕ್ಕು ಗಾಳಿಯನ್ನಷ್ಟೇ ತಡೆದೀತು. ಉಷ್ಣಮಾಪಕದ ಅಂಕಿ ಊರಿಗೂ ಹೊಲಕ್ಕೂ ಒಂದೇ ಆದರೂ ಚಳಿ ಒಂದೇ ಅಲ್ಲ.

ಸಂಕ್ರಾಂತಿಗೆ ಈ ಊರುಗಳಲ್ಲಿ ಕೈಯಿಂದ ಕೈಗೆ ಕುಸುರೆಳ್ಳು ಹೋಗುತ್ತದೆ. ಎಳ್ಳಿನ ಮೇಲೆ ಕಟ್ಟಿದ ಆ ಸಕ್ಕರೆ ಇಂಥ ಗುಡಿಸಲುಗಳವರು ಕಡಿದ ಕಬ್ಬಿನದು. ಕುಸುರೆಳ್ಳಿನ ಜೊತೆಗೆ ಮನೆಯಲ್ಲಿ ಮಿಕ್ಕ ಒಂದು ಕೌದಿಯೂ ಅಲ್ಲಿಗೆ ಮುಟ್ಟಿದರೆ ಹಬ್ಬ ಇನ್ನಷ್ಟು ಬೆಚ್ಚಗಾದೀತು.