ಪೆಟ್ಟುಬಿದ್ದ ಬೆರಳು, ವಿಕಾರಗೊಂಡ ಉಗುರು

ಬೆಳಗಾವಿಯು ಕೈಕೆಲಸವನ್ನು ನಂಬಿದ ಊರು. ಉದ್ಯಮಬಾಗಿನ ಎರಕದ ಕಾರ್ಖಾನೆಗಳು, ಶಹಾಪುರ ವಡಗಾವಿಗಳ ಮಗ್ಗಗಳು, ದಕ್ಷಿಣಕ್ಕೆ ಹೋದರೆ ಮಲಪ್ರಭೆಯ ದಡದ ಖಾನಾಪುರದಲ್ಲಿ ಹಂಚು ಮತ್ತು ಕುಂಬಾರಿಕೆ, ಇವೆಲ್ಲವೂ ಬೆರಳ ತುದಿಯ ಚಾತುರ್ಯದಿಂದ ನಡೆಯುವ ಉದ್ಯೋಗಗಳು. ಇಂತಹ ಕಡೆಯಲ್ಲಿ ಬೆರಳಿಗೆ ಪೆಟ್ಟು ಬೀಳುವುದು ಅಪರೂಪವಲ್ಲ. ಕಾರ್ಖಾನೆಯ ಬಾಗಿಲನ್ನೇ ಕಾಣದ ಮನೆಗಳಲ್ಲಿಯೂ ಬಾಗಿಲ ಸಂದಿಗೆ ಸಿಕ್ಕಿದ ಮಗುವಿನ ಬೆರಳು ಎಲ್ಲರಿಗೂ ಪರಿಚಿತವಾದ ದೃಶ್ಯ. ಆಗ ಹಿರಿಯರು, “ಉಗುರು ತಾನೆ, ಹೋದರೆ ಮತ್ತೆ ಬರುತ್ತದೆ” ಎಂದು ಸಮಾಧಾನ ಹೇಳುವುದುಂಟು. ಈ ಮಾತು ಅರ್ಧ ಮಾತ್ರ ನಿಜ. ಉಗುರು ಮತ್ತೆ ಬರುತ್ತದೆ. ಆದರೆ ಯಾವ ರೂಪದಲ್ಲಿ ಬರುತ್ತದೆ ಎಂಬುದು ಅದರ ಕೆಳಗಣ ಗಾಯವನ್ನು ನಾವು ಹೇಗೆ ನೋಡಿಕೊಂಡೆವು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಉಗುರೆಂಬುದು ಅಲಂಕಾರಮಾತ್ರವಲ್ಲ. ಬೆರಳಿನ ಮೆತ್ತನೆಯ ತುದಿಗೆ ಅದು ಹಿಂಬದಿಯ ಆಸರೆ. ಸೂಜಿಯನ್ನು ನೆಲದಿಂದ ಎತ್ತುವುದಕ್ಕೂ ಕಡಿದ ನೂಲಿಗೆ ಗಂಟು ಹಾಕುವುದಕ್ಕೂ ಈ ಆಸರೆ ಬೇಕು. ನಮ್ಮ ಕಣ್ಣಿಗೆ ಕಾಣುವ ಗಟ್ಟಿಯಾದ ಭಾಗಕ್ಕೆ ಜೀವವಿಲ್ಲ. ಜೀವವಿರುವುದು ಎರಡು ಕಡೆ. ಉಗುರಿನ ಹಿಂದಣ ಚರ್ಮದ ಮಡಿಕೆಯ ಕೆಳಗೆ ಅಡಗಿರುವುದು ಉಗುರಿನ ಬೇರು. ಬುಡದಲ್ಲಿ ತೋರುವ ಬೆಳ್ಳನೆಯ ಅರ್ಧಚಂದ್ರವು ಅದರ ಅಂಚು. ಉಗುರಿನ ಹೆಚ್ಚಿನ ಅಂಶವು ಹುಟ್ಟುವುದು ಇಲ್ಲಿಯೇ. ಅದರ ಮುಂದೆ ತುದಿಯವರೆಗೆ ಹಬ್ಬಿದ ಕೆಂಪನೆಯ ಪದರವೇ ಉಗುರಿನ ಹಾಸಿಗೆ. ಉಗುರು ಇದಕ್ಕೆ ಅಂಟಿಕೊಂಡು ಮುಂದೆ ಸರಿಯುತ್ತದೆ. ಹಾಸಿಗೆಯ ಕೆಳಗೆ, ಬಹು ಸಮೀಪದಲ್ಲಿ, ಬೆರಳಿನ ಕೊನೆಯ ಎಲುಬು ಇದೆ.

ಶಹಾಪುರದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ಎಳೆಯೊಂದು ಕಡಿದು ಹಾಗೆಯೇ ಉಳಿದರೆ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಮಗ್ಗವು ಒಮ್ಮೆ ತಡೆದು ಮತ್ತೆ ನಡೆದರೆ ಅಡ್ಡಗೆರೆ ಮೂಡಿ ನೇಯ್ಗೆಯೊಡನೆ ಮುಂದೆ ಹೋಗುತ್ತದೆ. ಉಗುರಿನಲ್ಲಿಯೂ ಹೀಗೆಯೇ. ಪೆಟ್ಟಿನಿಂದ ಬೆಳವಣಿಗೆಯು ಕೆಲಕಾಲ ತಡೆದರೆ ಅಡ್ಡಲಾಗಿ ತಗ್ಗು ಬೀಳುತ್ತದೆ. 1846ರಲ್ಲಿ ಫ್ರಾನ್ಸಿನ ಬೋ ಎಂಬ ವೈದ್ಯರು ಕಾಯಿಲೆಯ ತರುವಾಯ ಬರುವ ಇಂತಹ ಗೆರೆಗಳನ್ನು ವರ್ಣಿಸಿದರು. ಇದು ತಾನಾಗಿಯೇ ಬೆಳೆದು ಹೊರಟುಹೋಗುತ್ತದೆ. ಬೇರಿನಲ್ಲಿಯೇ ಕಲೆಯುಳಿದರೆ ಮಾತ್ರ ಉಗುರು ಉದ್ದಕ್ಕೂ ಸೀಳಿಕೊಂಡೇ ಬೆಳೆಯುತ್ತದೆ. ಹಾಸಿಗೆಯಲ್ಲಿ ಕಲೆಯಾದರೆ ಉಗುರು ಅಲ್ಲಿ ಅಂಟಿಕೊಳ್ಳದೆ ಎದ್ದು ನಿಲ್ಲುತ್ತದೆ. ತುದಿಯ ಎಲುಬು ಕಳೆದುಹೋದರೆ ಆಸರೆಯಿಲ್ಲದ ಹಾಸಿಗೆಯು ಕೆಳಕ್ಕೆ ಬಾಗಿ, ಉಗುರು ಗಿಣಿಯ ಕೊಕ್ಕಿನಂತೆ ಡೊಂಕಾಗುತ್ತದೆ.

ಆದುದರಿಂದ ಮೊದಲ ದಿನದ ಉಪಚಾರವೇ ಮುಖ್ಯ. ಉಂಗುರವಿದ್ದರೆ ಬಾವು ಬರುವ ಮೊದಲೇ ತೆಗೆಯಬೇಕು. ಗಾಯವನ್ನು ಶುದ್ಧವಾದ ನೀರಿನಿಂದ ತೊಳೆದು, ಶುಭ್ರವಾದ ಬಟ್ಟೆಯಿಂದ ಒತ್ತಿ ಕಟ್ಟಿ, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಹಿಡಿಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿಗಳನ್ನು ಗಾಯದಲ್ಲಿ ತುಂಬಬಾರದು. ತುದಿಯು ತುಂಡಾಗಿದ್ದರೆ ಅದನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿರಿಸಿ ಒಯ್ಯಬೇಕು. ಮಂಜುಗಡ್ಡೆಯು ಅದಕ್ಕೆ ನೇರವಾಗಿ ತಗುಲಬಾರದು. ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗಳಿಗೆ ಬರಬೇಕಾದವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಉಗುರಿನ ಕೆಳಗೆ ರಕ್ತ ಕಟ್ಟಿ, ಕರ್ರಗಾಗಿ, ಸಿಡಿಯುವಂತೆ ನೋಯುತ್ತಿದ್ದರೆ ವೈದ್ಯರು ಉಗುರಿನಲ್ಲಿ ಸಣ್ಣ ರಂಧ್ರವನ್ನು ಮಾಡಿ ರಕ್ತವನ್ನು ಹೊರಬಿಡುತ್ತಾರೆ. ನೋವು ಕೂಡಲೇ ಇಳಿಯುತ್ತದೆ. ಮನೆಯ ಸೂಜಿಯಿಂದ ಇದನ್ನು ಮಾಡುವುದು ತರವಲ್ಲ. ಉಗುರು ಗಟ್ಟಿಯಾಗಿ ಕುಳಿತಿದ್ದು ಅಂಚುಗಳು ಹರಿಯದೆ ಇದ್ದರೆ ಸಾಮಾನ್ಯವಾಗಿ ಇಷ್ಟೇ ಸಾಕು. ಉಗುರು ಕಿತ್ತುಬಂದಿದ್ದರೆ ಅಥವಾ ಹಾಸಿಗೆ ಹರಿದಿದ್ದರೆ ಬೆರಳನ್ನು ಮರಗಟ್ಟಿಸಿ, ಕೂದಲಿನಂತಹ ಕರಗುವ ದಾರದಿಂದ ಹಾಸಿಗೆಯನ್ನು ಸಮವಾಗಿ ಹೊಲಿಯುತ್ತಾರೆ. ಎಲುಬು ಮುರಿದಿದೆಯೇ ಎಂದು ಎಕ್ಸ್‌ರೇ ಚಿತ್ರ ತೆಗೆಯುವುದೂ, ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವೂ ಮರೆಯತಕ್ಕವಲ್ಲ. ಮಕ್ಕಳಲ್ಲಿ ಉಗುರಿನ ಬುಡವು ಮಡಿಕೆಯಿಂದ ಹೊರಕ್ಕೆ ಜಾರಿ ಬಂದಿದ್ದರೆ ಕೆಳಗೆ ಎಲುಬು ಬೆಳೆಯುವ ಸ್ಥಳದಲ್ಲಿಯೇ ಮುರಿದಿರಬಹುದು. 1966ರಲ್ಲಿ ಸೀಮರ್ ಎಂಬ ಶಸ್ತ್ರವೈದ್ಯರು ವರ್ಣಿಸಿದ ಈ ಮುರಿತವನ್ನು ಗುರುತಿಸದೆ ಬಿಟ್ಟರೆ ಎಲುಬಿಗೆ ಕೀವು ತಗುಲಿ ಬೆರಳು ಡೊಂಕಾಗುವ ಭಯವುಂಟು.

ಕಿತ್ತುಬಂದ ಉಗುರನ್ನೇ ತೊಳೆದು, ಹೊಲಿದ ಹಾಸಿಗೆಯ ಮೇಲೆ ಮರಳಿ ಇಡುವುದು ಬಹುಕಾಲದ ಪದ್ಧತಿ. ಬ್ರಿಟನ್ನಿನಲ್ಲಿ 451 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ 2023ರಲ್ಲಿ ಫಲವನ್ನು ಪ್ರಕಟಿಸಿದರು. ಉಗುರನ್ನು ಮರಳಿ ಇಟ್ಟುದರಿಂದ ಮುಂದಿನ ಉಗುರಿನ ಅಂದವು ಹೆಚ್ಚಲಿಲ್ಲ, ಸೋಂಕೂ ಕಡಿಮೆಯಾಗಲಿಲ್ಲ. ಹಳೆಯ ಉಗುರು ಕಳೆದುಹೋಯಿತೆಂದು ಮಗುವಿನ ತಂದೆತಾಯಿಗಳು ಕಂಗೆಡಬೇಕಾಗಿಲ್ಲವೆಂದು ಇದರಿಂದ ತಿಳಿಯಬಹುದು.

ಇನ್ನು ವಿಕಾರವು ಈಗಾಗಲೇ ಬಂದಿದ್ದರೆ? ಮೊದಲ ಔಷಧವು ತಾಳ್ಮೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆಯುತ್ತದೆ. ಪೂರ್ತಿಯಾಗಿ ಬರಲು ಆರು ತಿಂಗಳಾದರೂ ಬೇಕು. ಪೆಟ್ಟಿನ ತರುವಾಯ ಮೊದಲ ಕೆಲವು ವಾರ ಬೆಳವಣಿಗೆಯು ನಿಂತಂತೆಯೇ ಇರುತ್ತದೆ. ಮೊದಲು ಬರುವ ಉಗುರು ಒರಟಾಗಿದ್ದು, ಎರಡನೆಯದು ನೇರ್ಪಾಗುವುದೂ ಉಂಟು. ಆದುದರಿಂದ ಆರು ತಿಂಗಳಿಂದ ಒಂದು ವರ್ಷದವರೆಗೆ ಕಾದು, ಆಮೇಲೆ ಶಸ್ತ್ರಚಿಕಿತ್ಸೆಯ ಮಾತನ್ನು ಎತ್ತುವುದು ಯುಕ್ತ. ಹಾಸಿಗೆಯ ಸಣ್ಣ ಕಲೆಯನ್ನು ಕತ್ತರಿಸಿ ಮತ್ತೆ ಹೊಲಿಯಬಹುದು. ದೊಡ್ಡದಾದರೆ ಕಾಲ ಹೆಬ್ಬೆರಳಿನ ಹಾಸಿಗೆಯಿಂದ ತೆಳುವಾದ ಪದರವನ್ನು ತಂದು ಕಸಿಮಾಡುತ್ತಾರೆ. ಪಕ್ಕದಲ್ಲಿ ಮುಳ್ಳಿನಂತೆ ಉಳಿದುಬೆಳೆವ ಚೂರನ್ನು ಅದರ ಬೇರುಸಹಿತ ತೆಗೆದರೆ ಕಾಟ ತಪ್ಪುತ್ತದೆ. ಗಿಣಿಯ ಕೊಕ್ಕಿನ ಉಗುರಿಗೆ ಹೊಸ ಆಸರೆಯನ್ನು ಕೊಡಬೇಕಾಗುವುದರಿಂದ ಅದು ಕಷ್ಟದ ಕೆಲಸ. ಮತ್ತೆ ಬಾಗುವುದೂ ಉಂಟು. ಎಲ್ಲಕ್ಕಿಂತ ದುಸ್ಸಾಧ್ಯವಾದುದು ಬೇರಿನ ಕಲೆ. ಅಲ್ಲಿ ಸುಧಾರಣೆಯನ್ನು ಆಶಿಸಬಹುದಲ್ಲದೆ ಮೊದಲಿನ ಉಗುರನ್ನೇ ವಾಗ್ದಾನಮಾಡುವಂತಿಲ್ಲ.

ಎರಡು ಎಚ್ಚರಿಕೆಗಳು ಉಳಿದಿವೆ. ಪೆಟ್ಟಿನಿಂದ ಎದ್ದ ಉಗುರು ಬೂಷ್ಟಿನ ರೋಗದಂತೆ ಕಾಣುವುದರಿಂದ ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಮದ್ದು ತಿನ್ನಬಾರದು. ಕಟ್ಟಿದ ರಕ್ತದ ಕಪ್ಪು ಉಗುರಿನೊಡನೆ ಮುಂದೆ ಸರಿಯುತ್ತದೆ. ಸರಿಯದೆ ನಿಂತ ಅಥವಾ ಅಗಲವಾಗುತ್ತಿರುವ ಕಪ್ಪನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅದು ಕ್ವಚಿತ್ತಾಗಿ ಅರ್ಬುದವೂ ಆಗಿರಬಹುದು.

ಮಗ್ಗದವನಿಗೂ ಕುಂಬಾರನಿಗೂ ಬೆರಳ ತುದಿಯೇ ಅನ್ನದ ದಾರಿ. ಗಾಯವಾದ ದಿನ ಅರ್ಧ ದಿನದ ಕೂಲಿ ಹೋದೀತೆಂದು ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಮರಳಿದವನು ಮುಂದೆ ಬಹುಕಾಲ ನೂಲು ಹಿಡಿಯಲು ತಡಕಾಡಬೇಕಾದೀತು. ಅಂದು ಅವನನ್ನು ಆಸ್ಪತ್ರೆಗೆ ಕಳುಹಿಸುವ ಹೊಣೆಯು ಅವನೊಬ್ಬನದಲ್ಲ, ಕೆಲಸ ಕೊಟ್ಟವರದೂ ಹೌದು.