ಬೈಕುಲ್ಲಾದ ಮರಕ್ಕೆ ಗಾಜಿನ ಗುಂಡು ಬಂದ ದಾರಿ

ಡಿಸೆಂಬರ್ ನಡುವಿಗೆ ಮುಂಬೈನ ಬೈಕುಲ್ಲಾ, ಮಝಗಾಂವ್ ಕಡೆಯ ಕ್ರೈಸ್ತರ ಮನೆಗಳಲ್ಲಿ ಅಟ್ಟದ ಮೇಲಿನ ಬಿಸ್ಕತ್ ಡಬ್ಬಿ ಕೆಳಗಿಳಿಯುತ್ತದೆ. ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಗುಂಡು, ಗಂಟೆ, ನಕ್ಷತ್ರ, ದೇವದೂತ ಎಲ್ಲ ಅಂಗಡಿ ಸಾಮಾನು ಎಂದುಕೊಂಡವರು ಈ ಡಬ್ಬಿ ಬಿಚ್ಚುವಾಗ ಒಮ್ಮೆ ಪಕ್ಕದಲ್ಲಿ ಕೂರಬೇಕು. ಒಂದೊಂದು ಪೊಟ್ಟಣ ಬಿಚ್ಚಿದಾಗಲೂ ಒಬ್ಬೊಬ್ಬರ ಹೆಸರು ಬರುತ್ತದೆ: ಇದು ದೊಡ್ಡಪ್ಪ ತಂದದ್ದು, ಇದು ಮಗಳ ಮೊದಲ ಕ್ರಿಸ್ಮಸ್ಸಿನದು, ಇದು ಎದುರು ಮನೆಯವರು ಚಾಳ್ ಎಂಬ ಈ ವಠಾರ ಬಿಟ್ಟು ಹೋಗುವಾಗ ಕೊಟ್ಟದ್ದು.

ನನಗೆ ಪರಿಚಯದ, ಮಂಗಳೂರು ಮೂಲದ ಒಂದು ಮನೆಯಲ್ಲಿ ಇಂಥದೊಂದು ಕೆಂಪು ಗುಂಡು ಇದೆ. ಗಾಜು ಈರುಳ್ಳಿ ಸಿಪ್ಪೆಯಷ್ಟು ತೆಳು, ಅಂಗೈಯಲ್ಲಿಟ್ಟರೆ ತೂಕವೇ ತಿಳಿಯದು. ಒಂದು ಮಗ್ಗುಲಲ್ಲಿ ಬಣ್ಣ ಸುಲಿದು, ಒಳಗಿನ ಬೆಳ್ಳಿಲೇಪ ಕಂದಿ ಕಾಣುತ್ತದೆ. ತಲೆಯ ಮೇಲೆ ಅಂಚು ಸುರುಳಿಗಟ್ಟಿದ ತಗಡಿನ ಟೋಪಿ. ಅದನ್ನು ಮೆಲ್ಲಗೆ ಎಳೆದರೆ ಎರಡು ಕಾಲಿನ ತಂತಿ ಹೊರಬರುತ್ತದೆ, ಬಿಟ್ಟರೆ ಒಳಗೆ ಅಗಲವಾಗಿ ಚಾಚಿ ಗುಂಡನ್ನು ಹಿಡಿದುಕೊಳ್ಳುತ್ತದೆ. ಸುತ್ತಿಟ್ಟದ್ದು ಹಳೆಯ ಕೊಂಕಣಿ ವಾರಪತ್ರಿಕೆಯ ಹಾಳೆಯಲ್ಲಿ. ಅಕ್ಷರ ಕನ್ನಡದ್ದು, ಮಾತು ಕೊಂಕಣಿಯದು. ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಅಜ್ಜ ಹ್ಯಾಂಬರ್ಗ್ ಬಂದರಿನಿಂದ ತಂದದ್ದು ಎಂದು ಮನೆಯವರ ಮಾತು. ಮಕ್ಕಳಿಗೆ ಇದನ್ನು ಮುಟ್ಟುವ ಅಪ್ಪಣೆ ಇಲ್ಲ. ಮೊದಲ ಸಂಬಳ ತಂದ ವರ್ಷ ಮಾತ್ರ, ತಂದವರ ಕೈಯಿಂದಲೇ ಅದನ್ನು ಮರಕ್ಕೆ ಕಟ್ಟಿಸುತ್ತಾರೆ.

ಇಂಥ ಗುಂಡುಗಳ ತವರು ಜರ್ಮನಿಯ ತುರಿಂಗಿಯಾ ಬೆಟ್ಟಗಳ ನಡುವಿನ ಲಾವ್ಶಾ ಎಂಬ ಊರು. 1597ರಿಂದಲೂ ಅಲ್ಲಿ ಗಾಜಿನ ಕೆಲಸ ನಡೆದಿದೆ. ಮೊದಲು ಜರ್ಮನ್ನರು ಮರಕ್ಕೆ ಕಟ್ಟುತ್ತಿದ್ದದ್ದು ಸೇಬು, ವಾಲ್‌ನಟ್, ಸಿಹಿತಿಂಡಿ. ಅದನ್ನು ಕೊಳ್ಳಲಾರದ ಬಡ ಗಾಜುಗಾರನೊಬ್ಬ 1847ರಲ್ಲಿ ಗಾಜಿನಲ್ಲೇ ಹಣ್ಣು ಊದಿದ ಎಂಬ ಕಥೆ ಆ ಊರಿನಲ್ಲಿದೆ. ಕಥೆ ಏನೇ ಇರಲಿ, ಕಸುಬು ಮಾತ್ರ ಅಪ್ಪಟ ಮನೆಗೆಲಸ. ಗಂಡಸರು ಗಾಜಿನ ಕೊಳವೆಯನ್ನು ಉರಿಗೆ ಹಿಡಿದು ಊದುವರು. ಹೆಂಗಸರು, ಮಕ್ಕಳು ಒಳಗೆ ಬೆಳ್ಳಿಯ ದ್ರಾವಣ ಹಾಕಿ ಕುಲುಕಿ, ಹೊರಗೆ ಬಣ್ಣಕ್ಕೆ ಅದ್ದಿ, ಒಣಗಿಸಿ, ಕೊನೆಗೆ ಕತ್ತು ಕತ್ತರಿಸಿ ಟೋಪಿ ತೊಡಿಸುವರು. 1860ರ ದಶಕದಲ್ಲಿ ಊರಿಗೆ ಗ್ಯಾಸ್ ಬಂದ ಮೇಲೆ ಉರಿ ಹದಕ್ಕೆ ಸಿಕ್ಕಿತು, ಗಾಜು ಇಷ್ಟು ತೆಳುವಾಯಿತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲೂ ಮರದ ಹುಚ್ಚು ಹಿಡಿದಿತ್ತು. ವಿಕ್ಟೋರಿಯಾ ರಾಣಿ, ಆಲ್ಬರ್ಟ್ ಮತ್ತು ಮಕ್ಕಳು ಅಲಂಕರಿಸಿದ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂದದ್ದೇ ತಡ, ಇಂಗ್ಲಿಷರ ಮನೆಮನೆಗೆ ಮರ ಹೊಕ್ಕಿತು.

ಆ ಕಾಲದ ಬೈಕುಲ್ಲಾವೂ ಸಾಹೇಬರ ಬಡಾವಣೆಯೇ. 1833ರಲ್ಲಿ ಬೈಕುಲ್ಲಾ ಕ್ಲಬ್ ಶುರುವಾಗಿತ್ತು, ತೋಟದ ಬಂಗಲೆಗಳಿದ್ದವು, ರೇಸ್ ಮೈದಾನವಿತ್ತು. ಆದರೆ ಪಕ್ಕದ ಮಝಗಾಂವ್‌ನ ಕ್ಯಾಥೊಲಿಕರಿಗೆ ಮರ ಹೊರಗಿನದು. ಅವರ ಚರ್ಚಿನ ಹಳಮೆ ಪೋರ್ಚುಗೀಸರ ಕಾಲದ್ದು. 1632ರ ಗ್ಲೋರಿಯಾ ಚರ್ಚನ್ನು 1911ರಲ್ಲಿ ಕೆಡವಿದ ಮೇಲೆ, ಈಗ ಬೈಕುಲ್ಲಾದಲ್ಲಿ ಕಾಣುವ ಕಮಾನು ಗೋಪುರಗಳ ಕಟ್ಟಡ 1913ರ ಹೊತ್ತಿಗೆ ಎದ್ದಿತು. ಈ ಜನಕ್ಕೆ ಹಬ್ಬವೆಂದರೆ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ಯೇಸುವಿನ ಹುಟ್ಟನ್ನು ದನಕರುಗಳ ನಡುವೆ ಮಾಡಿ ತೋರಿಸಿದಲ್ಲಿಂದ ಹರಡಿದ ಪದ್ಧತಿ ಅದು. ಮಂಗಳೂರು ಕಡೆಯಲ್ಲಿ ಹಬ್ಬಕ್ಕೆ ಮೊದಲೇ ತಟ್ಟೆಯಲ್ಲಿ ಕಾಳು ಬಿತ್ತಿ, ಮೊಳಕೆ ಬರಿಸಿ, ಗೋದಲಿಯ ಸುತ್ತ ಹಸಿರು ಗದ್ದೆ ಮಾಡುತ್ತಾರೆ, ಬಾಗಿಲಿಗೆ ಬಿದಿರ ಕಡ್ಡಿ, ಗಾಳಿಪಟದ ಕಾಗದದ ನಕ್ಷತ್ರ, ಅಡುಗೆಮನೆಯಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳು. ಮುಂಬೈಗೆ ದುಡಿಯಲು ಬಂದವರು ಇವನ್ನೆಲ್ಲ ಒಂದು ಕೋಣೆಯ ಮನೆಗೂ ತಂದರು. ಮರಕ್ಕೆ ಗೋದಲಿಯ ಪಕ್ಕದ ಮೂಲೆ ಸಿಕ್ಕಿತು, ಅಷ್ಟೆ. ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚೌಕದಲ್ಲೇ ಕ್ರಿಸ್ಮಸ್ ಮರ ಮೊದಲು ನಿಂತದ್ದು 1982ರಲ್ಲಿ, ಎರಡನೇ ಜಾನ್ ಪಾಲ್ ಪೋಪರಾಗಿದ್ದಾಗ. ಬೈಕುಲ್ಲಾದ ಎಷ್ಟೋ ಚಾಳ್‌ಗಳು ಅದಕ್ಕಿಂತ ಮುಂದಿದ್ದವು.

ಮರವಾದರೂ ಎಂಥದು? ಗಾಳಿಮರದ ಒಂದು ಕೊಂಬೆ. ಎಣ್ಣೆ ಡಬ್ಬಿಯಲ್ಲಿ ಮರಳು, ಇಟ್ಟಿಗೆ ಚೂರು ತುಂಬಿ ನಿಲ್ಲಿಸಿ, ಡಬ್ಬಿಗೆ ಬಣ್ಣದ ಕಾಗದ ಸುತ್ತುವುದು. ಹಿಮ ಬೀಳದ ಊರಿನಲ್ಲಿ ಹಿಮಕ್ಕೆ ಔಷಧಿ ಅಂಗಡಿಯ ಹತ್ತಿ. ಸುತ್ತ ಬಟ್ಟೆ ಗಿರಣಿಗಳಿದ್ದ ಆ ಪೇಟೆಗೆ ಅದಕ್ಕಿಂತ ಸರಿಯಾದ ಹಿಮ ಬೇರೆ ಇಲ್ಲ ಎಂದೇ ನನ್ನ ಭಾವನೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದದಿಂದ ನಕ್ಷತ್ರ, ಬೆಂಕಿಪೊಟ್ಟಣಕ್ಕೆ ಬಣ್ಣದ ಕಾಗದ ಸುತ್ತಿ ಉಡುಗೊರೆ. ಗಾಜು ಬಂದದ್ದು ಹಡಗಿನವರಿಂದ. ಮಝಗಾಂವ್ ಎಂದರೆ ಹಡಗುಕಟ್ಟೆ. ಗೋವಾದವರು, ಮಂಗಳೂರಿನವರು ಹಡಗು ಹತ್ತಿ ತಿಂಗಳುಗಟ್ಟಲೆ ಹೋಗುವರು. ಕ್ರಿಸ್ಮಸ್ಸಿಗೆ ಮನೆಯಲ್ಲಿರುವ ಖಾತ್ರಿ ಇಲ್ಲದವರು ತಮ್ಮ ಬದಲಿಗೆ ಇರಲೆಂದು ತಂದ ವಸ್ತು ಅದು. ಆ ಕೆಂಪು ಗುಂಡಿನ ಅಜ್ಜ ಎಷ್ಟೋ ಹಬ್ಬಗಳನ್ನು ನಡುಸಮುದ್ರದಲ್ಲೇ ಕಳೆದವರು. ಮನೆಯಲ್ಲಿ ಅಜ್ಜಿ ಮರಕ್ಕೆ ಮೊದಲು ಅದನ್ನೇ ಕಟ್ಟುತ್ತಿದ್ದರಂತೆ, ಬಾಗಿಲಿನಿಂದ ಬಂದವರಿಗೆ ನೇರ ಕಾಣುವ ಕಡೆ.

ಎಪ್ಪತ್ತರ ದಶಕದಿಂದ ಹಡಗಿನ ಜಾಗಕ್ಕೆ ಗಲ್ಫ್ ಬಂತು, ಗಾಜಿನ ಜಾಗಕ್ಕೆ ಪ್ಲಾಸ್ಟಿಕ್. ಕ್ರಾಫರ್ಡ್ ಮಾರ್ಕೆಟಿನಲ್ಲಿ ಡಜನ್ ಲೆಕ್ಕದಲ್ಲಿ ಗುಂಡುಗಳು, ಹತ್ತಿರದ ಲೋಹಾರ್ ಚಾಳ್‌ನಲ್ಲಿ ಸೀರಿಯಲ್ ಲೈಟು, ಮಡಿಸಿಡುವ ಹಸಿರು ಮರ. ಅಗ್ಗದ ಸಾಮಾನೆಂದು ಇದನ್ನು ಹಳಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆ ಮನೆಯ ಡಬ್ಬಿಯಲ್ಲಿ ಮೂಗು ಹಾರಿದ ಪ್ಲಾಸ್ಟಿಕ್ ಸಾಂತಾ ಇದ್ದಾನೆ. ಗಿರಣಿ ಮುಷ್ಕರದ ವರ್ಷ, ಕೈಯಲ್ಲಿ ಕಾಸಿಲ್ಲದಾಗ, ಕೆಳಗಿನ ಮಹಡಿಯ ಮರಾಠಿ ನೆರೆಯವರು ಮಕ್ಕಳಿಗೆಂದು ತಂದುಕೊಟ್ಟದ್ದು. ಅವರ ಮನೆಯಲ್ಲೂ ಆಗ ಸಂಬಳವಿರಲಿಲ್ಲ. ಜರ್ಮನಿಯ ಗುಂಡಿಗೂ ಈ ಸಾಂತಾನಿಗೂ ಡಬ್ಬಿಯಲ್ಲಿ ಒಂದೇ ಕಾಗದದ ಸುತ್ತು, ಒಂದೇ ಜೋಪಾನ.

ಈಗ ಹಳೆಯ ಚಾಳ್‌ಗಳು ಒಂದೊಂದಾಗಿ ಕೆಡವಲ್ಪಡುತ್ತಿವೆ. ಕೆಂಪು ಗುಂಡಿನ ಮನೆಯವರೂ ಮೀರಾ ರೋಡ್, ವಸಾಯಿ ಎಂದು ದೂರದ ಉಪನಗರಗಳಿಗೆ ಚದುರಿದ್ದಾರೆ. ಪಾಲಾಗುವಾಗ ಪಾತ್ರೆ, ಕಪಾಟಿಗೆ ಇಲ್ಲದ ಚರ್ಚೆ ಈ ಡಬ್ಬಿಗೆ ನಡೆಯಿತು. ಗೋದಲಿಯ ಗೊಂಬೆಗಳು ಹಿರಿಯ ಮಗನಿಗೆ ಹೋದವು. ಅಲಂಕಾರಗಳನ್ನು ನಾಲ್ಕು ಪಾಲು ಮಾಡಿ, ಯಾವುದನ್ನು ಯಾರು ಯಾವಾಗ ತಂದರು ಎಂದು ಚೀಟಿ ಬರೆದು ಪ್ರತಿಯೊಂದಕ್ಕೂ ಕಟ್ಟಿದರು. ಕೆಂಪು ಗುಂಡು ಯಾರ ಪಾಲಿಗೂ ಹೋಗಲಿಲ್ಲ. ವರ್ಷಕ್ಕೊಂದು ಮನೆ ಎಂದು ಸರದಿ ಗೊತ್ತುಮಾಡಿದ್ದಾರೆ. ಜನವರಿಯಲ್ಲಿ ಮೂರು ರಾಯರ ಹಬ್ಬ ಮುಗಿದು ಮರ ಇಳಿಸಿದ ಮೇಲೆ, ಮುಂದಿನ ಸರದಿಯವರು ಲೋಕಲ್ ರೈಲಿನಲ್ಲಿ ಬಂದು, ಊಟ ಮಾಡಿ, ಅದನ್ನು ಒಯ್ಯುತ್ತಾರೆ.