ತೂಕವಿಳಿದವರ ರಕ್ತಕ್ಷೀಣತೆ

ವೈದ್ಯಕೀಯ ವಿಮೆಯು ಯಾವ ಚಿಕಿತ್ಸೆಯ ವೆಚ್ಚವನ್ನು ಹೊರಗಿಡಬಹುದು, ಯಾವುದನ್ನು ಹೊರಗಿಡಲಾಗದು ಎಂಬ ವಿಷಯದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಗೊತ್ತುಮಾಡಿದ ಏಕರೂಪದ ನಿಬಂಧನೆಗಳು 2020ರ ಅಕ್ಟೋಬರ್ ತಿಂಗಳಿಂದ ದೇಶದಲ್ಲೆಲ್ಲ ಜಾರಿಗೆ ಬಂದುವು. ದೇಹತೂಕದ ಸೂಚ್ಯಂಕವು 40 ಅಥವಾ ಅದಕ್ಕೆ ಮೇಲ್ಪಟ್ಟಿರುವವರು, ಇಲ್ಲವೆ ಅದು 35ನ್ನು ಮುಟ್ಟಿದ್ದು ಅದರೊಡನೆ ಹೃದ್ರೋಗವೋ, ನಿದ್ರೆಯಲ್ಲಿ ಉಸಿರುಗಟ್ಟುವ ತೀವ್ರವ್ಯಾಧಿಯೋ, ಹತೋಟಿಗೆ ಬಾರದ ಮಧುಮೇಹವೋ ಉಳ್ಳವರು, ಸೌಮ್ಯವಾದ ಉಪಾಯಗಳು ವಿಫಲವಾಗಿ ವೈದ್ಯರು ಸಲಹೆಮಾಡಿದ ಪಕ್ಷದಲ್ಲಿ, ತೂಕವಿಳಿಸುವ ಶಸ್ತ್ರಚಿಕಿತ್ಸೆಗೆ ವಿಮೆಯ ನೆರವನ್ನು ಕೇಳಬಹುದೆಂಬುದು ಅವುಗಳಲ್ಲೊಂದು. ಬೆಂಗಳೂರಿನ ಪೂರ್ವಕ್ಕೆ ವೈಟ್‌ಫೀಲ್ಡಿನಲ್ಲಿಯೂ, ದಕ್ಷಿಣಕ್ಕೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿರುವ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ದುಡಿಯುವ ಜನರಲ್ಲಿ ಬಹುಮಂದಿಗೆ ಸಂಬಳದ ಜೊತೆಯಲ್ಲಿಯೇ ವಿಮೆಯೂ ದೊರೆಯುವುದರಿಂದ, ಒಂದು ತಲೆಮಾರಿನ ಹಿಂದೆ ಅಪೂರ್ವವೆನಿಸಿದ್ದ ಈ ಶಸ್ತ್ರಕ್ರಿಯೆ ಇಂದು ಅವರ ಮಾತುಕತೆಯಲ್ಲಿ ‘ಸ್ಲೀವ್’ ಎಂದೂ ‘ಬೈಪಾಸ್’ ಎಂದೂ ಸಲೀಸಾಗಿ ಬಂದುಹೋಗುತ್ತದೆ.

ಆಸ್ಪತ್ರೆಯಲ್ಲಿ ಕಳೆದ ಕೆಲವು ದಿನಗಳ ವೆಚ್ಚವನ್ನು ವಿಮೆ ತೆತ್ತೀತು. ಆ ಬಳಿಕ ಆಜೀವಪರ್ಯಂತ ನುಂಗಬೇಕಾದ ಮಾತ್ರೆಗಳಿಗೂ ವರ್ಷಕ್ಕೊಮ್ಮೆಯಾದರೂ ಮಾಡಿಸಲೇಬೇಕಾದ ರಕ್ತಪರೀಕ್ಷೆಗಳಿಗೂ ಅದು ಸಾಧಾರಣವಾಗಿ ಒದಗಿಬಾರದು. ಶಸ್ತ್ರಚಿಕಿತ್ಸೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮಧುಮೇಹದಿಂದಲೂ ರಕ್ತದೊತ್ತಡದಿಂದಲೂ ಬಳಲಿದ್ದ ಎಷ್ಟೋ ಮಂದಿಗೆ ಅದು ಮರುಹುಟ್ಟನ್ನೇ ಕೊಟ್ಟಿದೆ. ನಾನು ಹೇಳಬೇಕೆಂದಿರುವುದು ಇಷ್ಟೆ: ಆ ಶಸ್ತ್ರಕ್ರಿಯೆಯಾದ ಒಂದೆರಡು ವರ್ಷಗಳ ಮೇಲೆ ಬಂದೊದಗುವ ಆಯಾಸವನ್ನು ಯಾರೂ ಸಹಜವೆಂದು ಬಗೆದು ಸಹಿಸಿಕೊಂಡಿರಬಾರದು, ಬಹುಮಟ್ಟಿಗೆ ಅದು ಕಬ್ಬಿಣದ ಕೊರತೆಯೆಂಬ, ಅಳೆಯಲು ಬರುವ, ಪರಿಹಾರವುಳ್ಳ ವ್ಯಾಧಿ.

ಬೆಳೆದ ಮನುಷ್ಯನ ಶರೀರದಲ್ಲಿ ಇರುವ ಕಬ್ಬಿಣವೆಲ್ಲ ಒಟ್ಟು ಮೂರು ನಾಲ್ಕು ಗ್ರಾಂ ಮಾತ್ರ. ಅದರಲ್ಲಿ ಮೂರನೆಯ ಎರಡು ಪಾಲಿನಷ್ಟು ರಕ್ತದ ಹಿಮೋಗ್ಲೋಬಿನ್ನಿನಲ್ಲಿ ನೆಲೆಸಿ, ಶ್ವಾಸಕೋಶದಿಂದ ಆಮ್ಲಜನಕವನ್ನು ಅಂಗಾಂಗಗಳಿಗೆ ಹೊತ್ತೊಯ್ಯುವ ಕಾರ್ಯದಲ್ಲಿ ಹಗಲಿರುಳು ತೊಡಗಿರುತ್ತದೆ. ಸುಮಾರು 120 ದಿನ ಬಾಳಿ ಮುಪ್ಪಾದ ಕೆಂಪುಕಣಗಳು ಶಿಥಿಲವಾದಾಗ ಅವುಗಳ ಕಬ್ಬಿಣವನ್ನು ದೇಹವು ಬಿಸುಡದೆ ಮತ್ತೆ ಅಸ್ಥಿಮಜ್ಜೆಗೆ ಒಪ್ಪಿಸುತ್ತದೆಯಾದ ಕಾರಣ, ಹೊರಗಿನಿಂದ ನಿತ್ಯವೂ ಬಂದು ಸೇರಬೇಕಾದುದು ಒಂದೆರಡು ಮಿಲಿಗ್ರಾಂ ಮಾತ್ರ. ಆದರೆ ಆ ಒಂದೆರಡು ಮಿಲಿಗ್ರಾಂ ಒಳಹೊಗುವ ಬಾಗಿಲು ಬಲು ಕಿರಿದು. ಜಠರವನ್ನು ದಾಟಿದೊಡನೆ ಸಿಕ್ಕುವ ಡುವೋಡಿನಮ್ ಎಂಬ ಗೇಣುದ್ದದ ಕರುಳು ಮತ್ತು ಅದರ ಮುಂದಿನ ಸ್ವಲ್ಪ ಭಾಗ, ಇಷ್ಟರಲ್ಲಿಯೇ ಕಬ್ಬಿಣದ ಹೆಚ್ಚಿನ ಪಾಲು ಹೀರಲ್ಪಡುತ್ತದೆ. ಸೊಪ್ಪು, ಕಾಳು, ಧಾನ್ಯಗಳ ಕಬ್ಬಿಣವಾದರೆ, ಅದು ಹೀರಿಕೆಗೆ ಯೋಗ್ಯವಾಗಬೇಕಾದರೆ ಮೊದಲು ಜಠರಾಮ್ಲದಲ್ಲಿ ಕರಗಬೇಕು.

ಸ್ಲೀವ್ ಎಂಬ ವಿಧಾನದಲ್ಲಿ ಜಠರದ ನಾಲ್ಕರಲ್ಲಿ ಮೂರು ಪಾಲನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಕತ್ತರಿಸಿ ತೆಗೆಯುವುದರಿಂದ ಆಮ್ಲವೂ ಆಹಾರದ ಪ್ರಮಾಣವೂ ಒಟ್ಟಿಗೆ ಕುಗ್ಗುತ್ತವೆ. ಬೈಪಾಸಿನಲ್ಲಿ ಜಠರದ ಮೇಲ್ತುದಿಯ ಒಂದು ಕಿರುಚೀಲವನ್ನಷ್ಟೇ ಉಳಿಸಿಕೊಂಡು ಅದನ್ನು ಕೆಳಗಿನ ಕರುಳಿಗೆ ನೇರವಾಗಿ ಜೋಡಿಸುವುದರಿಂದ, ಉಂಡ ಅನ್ನವು ಡುವೋಡಿನಮ್ಮಿನ ಮುಖವನ್ನೇ ಕಾಣದೆ ಮುಂದೆ ಸಾಗುತ್ತದೆ. ಈ ಬೈಪಾಸನ್ನು ತೂಕವಿಳಿಸಲೆಂದು 1966ರಲ್ಲಿ ಮೊದಲು ಪ್ರಯೋಗಿಸಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಎಂಬ ಶಸ್ತ್ರವೈದ್ಯರು. ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ತೆಳ್ಳಗಾಗುವುದನ್ನು ಕಂಡು ಮೇಸನ್ನರಿಗೆ ಈ ಆಲೋಚನೆ ಹೊಳೆಯಿತು. ಅದೇ ಹುಣ್ಣಿನ ರೋಗಿಗಳು ಕೆಲವು ವರ್ಷಗಳಲ್ಲಿ ರಕ್ತಹೀನರಾಗುವುದೂ ವೈದ್ಯಲೋಕಕ್ಕೆ ಬಹುಹಿಂದೆಯೇ ತಿಳಿದಿತ್ತು. ಎಂದಮೇಲೆ ಈ ಕೊರತೆ ಅನಿರೀಕ್ಷಿತವಾದುದೇನಲ್ಲ.

ಇದಕ್ಕೆ ಪೂರ್ವಸ್ಥಿತಿಯೊಂದೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 47.8ರಷ್ಟು ಮಂದಿ ರಕ್ತಹೀನರು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಅಧಿಕತೂಕದವರು. ದಪ್ಪಗಿರುವವರಿಗೆ ರಕ್ತ ಸಾಕಷ್ಟಿರುತ್ತದೆಂಬುದು ನಮ್ಮ ಜನರ ನಂಬಿಕೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾದುದು. ಸ್ಥೂಲಕಾಯವು ದೇಹದಲ್ಲಿ ಮಂದವಾದ ಉರಿಯೂತವನ್ನು ಸದಾ ಉಳಿಸಿಕೊಂಡಿರುವುದರಿಂದ, ಯಕೃತ್ತು ಹೆಪ್ಸಿಡಿನ್ ಎಂಬ ರಸವನ್ನು ಹೆಚ್ಚಾಗಿ ಸ್ರವಿಸಿ, ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗುವ ದಾರಿಯನ್ನು ಬಿಗಿಹಿಡಿಯುತ್ತದೆ. ಆದಕಾರಣ ಅನೇಕರು ಶಸ್ತ್ರಕ್ರಿಯೆಯ ಮೇಜನ್ನು ಏರುವ ಹೊತ್ತಿಗೇ ಕೊರತೆಯುಳ್ಳವರಾಗಿರುತ್ತಾರೆ. ಮೊದಲೇ ಪರೀಕ್ಷಿಸಿ, ಕೊರತೆಯನ್ನು ತುಂಬಿ, ಆಮೇಲೆ ಶಸ್ತ್ರವನ್ನು ಹಿಡಿಯತಕ್ಕದ್ದೆಂಬುದು ಯುಕ್ತವಾದ ಕ್ರಮ.

ಇನ್ನು ಆ ಆಯಾಸದ ಮಾತು. ವರ್ತುಲ ರಸ್ತೆಯ ವಾಹನಗಳ ನಡುವೆ ಗಂಟೆಗಟ್ಟಲೆ ಕುಳಿತು, ಅಮೆರಿಕದ ಗಡಿಯಾರಕ್ಕೆ ಹೊಂದಿಕೊಂಡು ಇರುಳಲ್ಲಿ ಎಚ್ಚರಿದ್ದು ದುಡಿಯುವ ಊರಿನಲ್ಲಿ ‘ಸುಸ್ತು’ ಎಂಬುದಕ್ಕೆ ಕಾರಣಗಳನ್ನು ಹುಡುಕಬೇಕಾಗಿಯೇ ಇಲ್ಲ. ತೂಕವಿಳಿದವರಿಗಂತೂ ‘ಸಣ್ಣಗಾದಿರಲ್ಲ, ನಿಶ್ಶಕ್ತಿ ಇದ್ದದ್ದೇ’ ಎಂದು ಸಮಾಧಾನ ಹೇಳುವವರು ಮನೆಯಲ್ಲಿಯೂ ಕಚೇರಿಯಲ್ಲಿಯೂ ಧಾರಾಳ. ಮೂವತ್ತು ಕಿಲೋ ಹೊರೆಯನ್ನು ಇಳಿಸಿದವರು ಕಾಡುಗೋಡಿಯ ಅಥವಾ ಕೋನಪ್ಪನ ಅಗ್ರಹಾರದ ಮೆಟ್ರೋ ನಿಲ್ದಾಣದ ಮೆಟ್ಟಿಲನ್ನು ಮೊದಲಿಗಿಂತ ಸುಲಭವಾಗಿ ಏರಬೇಕಲ್ಲದೆ, ಎದೆಬಡಿತ ಹೆಚ್ಚಿ ನಡುವೆ ನಿಂತು ಕಂಬಿಯನ್ನು ಹಿಡಿದುಕೊಳ್ಳುವುದು ಏತಕ್ಕೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಏದುಸಿರು, ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟುವುದು, ತಲೆನೋವು, ಚಿತ್ತ ನಿಲ್ಲದಿರುವುದು, ಉಗುರು ಸೀಳುವುದು, ಬಾಯಿಯ ಅಂಚು ಒಡೆಯುವುದು, ರಾತ್ರಿ ಕಾಲುಗಳು ಸುಮ್ಮನಿರಲೊಲ್ಲದೆ ಚಡಪಡಿಸುವುದು, ಇವೆಲ್ಲ ಕಬ್ಬಿಣದ ಕೊರತೆಯ ಲಕ್ಷಣಗಳು. ಕೂದಲುದುರುವುದು ಶಸ್ತ್ರಕ್ರಿಯೆಯ ಮೊದಲ ತಿಂಗಳುಗಳಲ್ಲಿ ತೂಕದ ಶೀಘ್ರ ಇಳಿತದಿಂದಲೇ ಉಂಟಾಗುವುದಾದರೂ, ವರ್ಷ ಕಳೆದ ಮೇಲೂ ನಿಲ್ಲದಿದ್ದರೆ ಕಬ್ಬಿಣವನ್ನು ಸಂಶಯಿಸಬೇಕು.

ಎಲ್ಲಕ್ಕಿಂತ ವಿಚಿತ್ರವಾದ ಲಕ್ಷಣ ಇನ್ನೊಂದು. ಬೈಪಾಸ್ ಮಾಡಿಸಿಕೊಂಡವರಲ್ಲಿ ಕೆಲವರು ಬಟ್ಟಲುಗಟ್ಟಲೆ ಮಂಜುಗಡ್ಡೆಯನ್ನು ಕಟಕಟನೆ ಕಡಿದು ತಿನ್ನತೊಡಗುತ್ತಾರೆ. ಕಬ್ಬಿಣವನ್ನು ಕೊಟ್ಟೊಡನೆ, ಎಷ್ಟೋ ವೇಳೆ ರಕ್ತದ ಪ್ರಮಾಣ ಏರುವುದಕ್ಕೆ ಮುನ್ನವೇ, ಆ ಬಯಕೆ ಮಾಯವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಹೆಂಗಸರೂ ಮಕ್ಕಳೂ ಕೆಮ್ಮಣ್ಣು, ಬಳಪ, ವಿಭೂತಿ, ಹಸಿ ಅಕ್ಕಿಗಳನ್ನು ಕದ್ದುಮುಚ್ಚಿ ತಿನ್ನುವುದನ್ನು ಕಾಣದವರಿಲ್ಲ. ಅದೂ ಇದೇ ಜಾತಿಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಪಾಂಡುರೋಗಾಧ್ಯಾಯದಲ್ಲಿ ಪಾಂಡುವಿನ ಐದು ಪ್ರಭೇದಗಳನ್ನು ಎಣಿಸುವಾಗ ಮೃದ್ಭಕ್ಷಣದಿಂದ, ಎಂದರೆ ಮಣ್ಣು ತಿನ್ನುವುದರಿಂದ, ಬರುವ ಪಾಂಡುವನ್ನೂ ಹೇಳಿದೆ. ಲೋಹವನ್ನು ಕೂಡಿಸಿದ ಔಷಧಗಳನ್ನೂ ಅಲ್ಲಿ ವಿಧಿಸಿದೆ. ಮಣ್ಣಿನ ಬಯಕೆಗೂ ಬಿಳಿಚಿದ ಮೈಗೂ ಇರುವ ನಂಟನ್ನು ಪ್ರಾಚೀನರು ಬರಿಗಣ್ಣಿನಿಂದ ಗುರುತಿಸಿದರೆಂಬುದು ನನಗೆ ಇಂದಿಗೂ ವಿಸ್ಮಯದ ಸಂಗತಿ. ಹೀಗೆಂದು ಶಸ್ತ್ರಕ್ರಿಯೆಯಾದವರು ಅಂಗಡಿಯ ಲೋಹಭಸ್ಮವನ್ನು ತಾವಾಗಿ ತಂದು ಸೇವಿಸುವುದು ಸಲ್ಲದು.

ಪರೀಕ್ಷೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಕಂಪನಿಗಳು ವರ್ಷಕ್ಕೊಮ್ಮೆ ಮಾಡಿಸುವ ಆರೋಗ್ಯತಪಾಸಣೆಯಲ್ಲಿ ಹಿಮೋಗ್ಲೋಬಿನ್ ಇರುತ್ತದೆ. ಫೆರಿಟಿನ್ ಸಾಮಾನ್ಯವಾಗಿ ಇರುವುದಿಲ್ಲ. ಹಿಮೋಗ್ಲೋಬಿನ್ ಸ್ತ್ರೀಯರಲ್ಲಿ 12, ಪುರುಷರಲ್ಲಿ 13 ಗ್ರಾಂಗಿಂತ ಕೆಳಗಿಳಿದರೆ ರಕ್ತಹೀನತೆಯೆಂದು ಎಣಿಕೆ. ಆದರೆ ಒಲೆಯ ಮೇಲಿನ ಮಡಕೆಯಲ್ಲಿ ಅನ್ನವಿದ್ದ ಮಾತ್ರಕ್ಕೆ ಕಣಜದಲ್ಲಿ ಭತ್ತವಿದೆಯೆಂದು ಹೇಳಲಾಗದು; ಕಣಜ ಬರಿದಾದ ಎಷ್ಟೋ ಕಾಲದ ಮೇಲೆ ಮಡಕೆ ಬರಿದಾಗುತ್ತದೆ. ಕಬ್ಬಿಣದ ಆ ಕಣಜದ ಅಳತೆಯೇ ಫೆರಿಟಿನ್. ಅದು 30ಕ್ಕಿಂತ ಕಡಮೆಯಿದ್ದರೆ, ಹಿಮೋಗ್ಲೋಬಿನ್ ಸರಿಯಾಗಿದ್ದರೂ, ಕೊರತೆ ಆರಂಭವಾಗಿದೆಯೆಂದೇ ತಿಳಿಯಬೇಕು. ಉರಿಯೂತವಿದ್ದಲ್ಲಿ ಫೆರಿಟಿನ್ ಹುಸಿಯಾಗಿ ಏರುವುದೂ ಉಂಟು. ಅದಕ್ಕಾಗಿ ರಕ್ತದಲ್ಲಿ ಕಬ್ಬಿಣವನ್ನು ಹೊರುವ ಟ್ರಾನ್ಸ್‌ಫೆರಿನ್ ಎಂಬ ವಾಹಕದ ಸಂತೃಪ್ತಿಯನ್ನೂ ಜೊತೆಯಲ್ಲಿ ನೋಡುತ್ತಾರೆ. ಇದಲ್ಲದೆ ಈ ಶಸ್ತ್ರಕ್ರಿಯೆಯಾದವರಲ್ಲಿ, ಅದರಲ್ಲಿಯೂ ಸಸ್ಯಾಹಾರಿಗಳಲ್ಲಿ, ಬಿ12 ಜೀವಸತ್ವವೂ ಕುಂದುವುದರಿಂದ, ಅದನ್ನು ಪರೀಕ್ಷಿಸದೆ ಕಬ್ಬಿಣವೊಂದನ್ನೇ ತುಂಬುತ್ತ ಹೋದರೆ ಆಯಾಸ ಬಿಟ್ಟುಹೋಗದು. ಮೊದಲ ವರ್ಷದಲ್ಲಿ ಮೂರನೆಯ ತಿಂಗಳಿಂದ ಮೊದಲ್ಗೊಂಡು ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಬದುಕಿರುವವರೆಗೂ ಈ ಪರೀಕ್ಷೆ ನಡೆಯಬೇಕು.

ಊಟದಿಂದಲೇ ಸರಿಮಾಡಿಕೊಳ್ಳುತ್ತೇವೆಂಬ ಹಟ ಒಳ್ಳೆಯದೇ, ಆದರೆ ಇಲ್ಲಿ ಸಾಲದು. ರಾಗಿಯನ್ನು ತೆಗೆದುಕೊಳ್ಳೋಣ. ನೂರು ಗ್ರಾಂ ರಾಗಿಯಲ್ಲಿ ನಾಲ್ಕೂವರೆ ಮಿಲಿಗ್ರಾಂಗಿಂತ ತುಸು ಹೆಚ್ಚು ಕಬ್ಬಿಣವೂ 364 ಮಿಲಿಗ್ರಾಂ ಸುಣ್ಣದಂಶವೂ (ಕ್ಯಾಲ್ಸಿಯಂ) ಇವೆಯೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಆಹಾರಕೋಷ್ಟಕ ಹೇಳುತ್ತದೆ. ಆ ಸುಣ್ಣವೂ, ಧಾನ್ಯದಲ್ಲಿರುವ ಫೈಟಿಕ್ ಆಮ್ಲ, ಒಗರುಗಳೂ ಕಬ್ಬಿಣವನ್ನು ತಡೆಹಿಡಿಯುವುದರಿಂದ, ರಕ್ತಕ್ಕೆ ಸೇರುವುದು ಅದರಲ್ಲಿ ಅತ್ಯಲ್ಪ. ಮೇಲಾಗಿ ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ. ಕಿರಿದಾದ ಜಠರದವರಿಗೆ ಅದು ಅಪಾಯಕರ. ಅವರು ಮೊಳಕೆ ಬರಿಸಿದ ರಾಗಿಯ ಅಂಬಲಿಯನ್ನು ಕುಡಿಯುವುದು ಲೇಸು, ಏಕೆಂದರೆ ಮೊಳಕೆಯಲ್ಲಿ ಫೈಟಿಕ್ ಆಮ್ಲ ತಗ್ಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಪ್ರಶಾಂತ್ ತಂಗಚ್ಚನ್, ಅನುರಾ ಕುರ್ಪಾಡ್ ಮೊದಲಾದವರು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳೊಡನೆ ಕೂಡಿ ಈ ಊರಿನ ತರುಣಿಯರಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಶೋಧನೆಯೊಂದಿದೆ: ಅನ್ನದ ಊಟದೊಡನೆ ಒಂದು ಬಟ್ಟಲು ಚಹಾ ಕುಡಿದರೆ ಕಬ್ಬಿಣದ ಹೀರಿಕೆ ಅರ್ಧದಷ್ಟು ಕುಗ್ಗಿತು, ಎರಡು ಬಟ್ಟಲು ಕುಡಿದರೆ ಮೂರನೆಯ ಎರಡು ಪಾಲು, ಸಿ ಜೀವಸತ್ವವನ್ನು ಸೇರಿಸಿದಾಗಲಾದರೋ ಅದು ಹಲವು ಮಡಿ ವೃದ್ಧಿಯಾಯಿತು. ಕಾಫಿಯ ಬಗೆಗೆ 1983ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆ ನಮಗೆ ಇನ್ನೂ ಹತ್ತಿರದ್ದು: ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿಯಿಂದ ಬಾಧಕವಿಲ್ಲ, ಒಂದು ಗಂಟೆಯ ಮೇಲೆ ಕುಡಿದುದು ಊಟದ ಜೊತೆಯಲ್ಲಿ ಕುಡಿದಷ್ಟೇ ಬಾಧಕ. ತಿಂಡಿಯಾದೊಡನೆ ಕಾಫಿ ಎಂಬ ನಮ್ಮ ಪದ್ಧತಿಯನ್ನು ಈ ಮಂದಿ ತಿರುವುಮುರುವು ಮಾಡಿಕೊಳ್ಳಬೇಕಾಗುತ್ತದೆ. ಬಸ್ಸಾರಿನ ಸೊಪ್ಪಿಗೆ ನಿಂಬೆಯ ಹನಿ, ಮೊಳಕೆಯ ಹೆಸರುಕಾಳಿನ ಕೋಸಂಬರಿಗೆ ನೆಲ್ಲಿಕಾಯಿಯ ತುರಿ, ಮಾಂಸ ತಿನ್ನುವವರಾದರೆ ಅದರ ಒಂದೆರಡು ಮೆತ್ತನೆಯ ತುಂಡು, ಇವು ಸಹಕಾರಿಗಳು.

ಮುಖ್ಯಾಧಾರವಾದರೋ ಮಾತ್ರೆಯೇ. ಮುಟ್ಟಾಗುವ ಸ್ತ್ರೀಯರಿಗೂ, ಸ್ಲೀವ್ ಅಥವಾ ಬೈಪಾಸ್ ಆದ ಎಲ್ಲರಿಗೂ ಕೊರತೆ ಬಾರದಂತೆ ದಿನಕ್ಕೆ 45ರಿಂದ 60 ಮಿಲಿಗ್ರಾಂ ಶುದ್ಧ ಕಬ್ಬಿಣ ಬೇಕೆಂದು ಈ ಶಸ್ತ್ರಚಿಕಿತ್ಸೆಯನ್ನು ನಡೆಸುವ ಅಮೆರಿಕದ ವೈದ್ಯರ ಸಂಘದ ನಿರ್ದೇಶ. ಕೊರತೆ ಬಂದ ಮೇಲೆ 150ರಿಂದ 200. ಮಾತ್ರೆಯ ಹೊದಿಕೆಯ ಮೇಲೆ ನಮೂದಾದ ಲವಣದ ತೂಕ ಬೇರೆ, ಅದರೊಳಗಿನ ಕಬ್ಬಿಣದ ತೂಕ ಬೇರೆ. ಎರಡನೆಯದನ್ನು ಕೇಳಿ ತಿಳಿಯಬೇಕು. ನಿಧಾನವಾಗಿ ಕರಗುವ ಬಗೆಯ ಮಾತ್ರೆಗಳು ಇವರಿಗೆ ಒಗ್ಗವು, ಕರಗುವ ವೇಳೆಗೆ ಹೀರುವ ಸ್ಥಳ ಹಿಂದೆ ಉಳಿದಿರುತ್ತದೆ. ಸುಣ್ಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ, ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಬೇಕು. ಪಾಳಿಯಲ್ಲಿ ದುಡಿಯುವವರ ಕಷ್ಟ ಇಲ್ಲಿಯೇ: ಬೆಳಗು ಸಂಜೆಗಳು ವಾರ ವಾರಕ್ಕೂ ಅದಲುಬದಲಾದಾಗ ಈ ಕ್ರಮ ಮುರಿದುಬೀಳುತ್ತದೆ. ಅಂಥವರು ಗಡಿಯಾರವನ್ನು ಬಿಟ್ಟು ನಿದ್ರೆಯನ್ನು ಹಿಡಿಯಬೇಕು. ಎದ್ದೊಡನೆ ಕಬ್ಬಿಣ, ಉಣ್ಣುವಾಗ ಸುಣ್ಣ. ಮಲ ಕಪ್ಪಾದರೆ ಹೆದರಬೇಕಾಗಿಲ್ಲ, ಆದರೆ ಅದು ಡಾಂಬರಿನಂತೆ ಅಂಟಂಟಾಗಿದ್ದು ದುರ್ವಾಸನೆಯಿದ್ದರೆ ರಕ್ತಸ್ರಾವವಿರಬಹುದು. ‘ಉಷ್ಣ’ವಾಗುತ್ತದೆಂದು ಎಷ್ಟೋ ಮಂದಿ ಮಾತ್ರೆಯನ್ನು ಬಿಟ್ಟುಬಿಡುತ್ತಾರೆ. ಹೊಟ್ಟೆ ಕೆಟ್ಟು ಮಲಬದ್ಧತೆಯಾಗುವುದು ನಿಜ. ಆದರೆ ದಿನ ಬಿಟ್ಟು ದಿನ ಸೇವಿಸಿದರೆ ಪ್ರತಿ ಮಾತ್ರೆಯ ಹೀರಿಕೆ ಉತ್ತಮವೆಂದು ಈಚಿನ ಸಂಶೋಧನೆಗಳಲ್ಲಿ ಕಂಡುಬಂದಿರುವುದರಿಂದ, ಬಿಡುವುದಕ್ಕೆ ಮುನ್ನ ಈ ಉಪಾಯವನ್ನು ವೈದ್ಯರೊಡನೆ ಚರ್ಚಿಸತಕ್ಕದ್ದು.

ಎರಡು ಮೂರು ತಿಂಗಳು ಮಾತ್ರೆಯನ್ನು ನುಂಗಿಯೂ ಏರಿಕೆ ಕಾಣದಿದ್ದರೆ ಕಬ್ಬಿಣವನ್ನು ರಕ್ತನಾಳದ ಮೂಲಕವೇ ಕೊಡುತ್ತಾರೆ. ಇದನ್ನು ಅಂತಿಮ ಸ್ಥಿತಿಯೆಂದು ಭಾವಿಸಿ ಕಂಗೆಡುವ ಕಾರಣವಿಲ್ಲ. ಬಾಗಿಲೇ ಮುಚ್ಚಿದವರಿಗೆ ಇದು ನೇರವಾದ ದಾರಿ. ಸುಕ್ರೋಸ್ ಬಗೆಯದನ್ನು ಹಲವು ಸಲ ಕಂತುಗಳಲ್ಲಿಯೂ, ಕಾರ್ಬಾಕ್ಸಿಮಾಲ್ಟೋಸ್ ಬಗೆಯದನ್ನು ಒಂದೇ ಸಲಕ್ಕೆ 1000 ಮಿಲಿಗ್ರಾಂವರೆಗೂ ಕೊಡಬಹುದು. ತೀವ್ರವಾದ ಅಲರ್ಜಿ ವಿರಳವಾದರೂ ಸಾಧ್ಯವಾದ ಕಾರಣ, ಸಲಕರಣೆಯುಳ್ಳ ಆಸ್ಪತ್ರೆಯಲ್ಲಿಯೇ ಹಾಕಿಸಿಕೊಳ್ಳಬೇಕು.

ಸ್ತ್ರೀಯರ ಪಾಲಿಗೆ ಇನ್ನೊಂದು ವಿಶೇಷವುಂಟು. ತೂಕವಿಳಿದಂತೆ ನಿಂತುಹೋಗಿದ್ದ ಮುಟ್ಟು ಕ್ರಮಕ್ಕೆ ಬರುತ್ತದೆ, ಬಹುಕಾಲ ಕಾಯುತ್ತಿದ್ದ ಗರ್ಭವೂ ನಿಲ್ಲುತ್ತದೆ. ಸಂತೋಷದ ಈ ಎರಡೂ ಸಂಗತಿಗಳು ಕಬ್ಬಿಣದ ವ್ಯಯವನ್ನು ಹೆಚ್ಚಿಸುವಂಥವು. ಶಸ್ತ್ರಕ್ರಿಯೆಯಾದ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೂ ಹೌದು.

ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆಯಂತ್ರದ ಮುಂದೆ ಕೂರುವ ಹೆಂಗಸರಿಗೆ ಈ ಶಸ್ತ್ರಕ್ರಿಯೆ ದೂರದ ಮಾತು. ‘ರಕ್ತ ಕಮ್ಮಿ’ ಎಂಬುದು ಮಾತ್ರ ಅವರಿಗೂ ಮನೆಮಾತು. ತಿಂಗಳ ಸಂಬಳ 21,000 ರೂಪಾಯಿಗಳೊಳಗಿರುವ ಆ ಕಾರ್ಮಿಕರಿಗೆ ಇಎಸ್‌ಐ ವಿಮೆಯು ಹೊರರೋಗಿಯ ಔಷಧವನ್ನೂ ಕೊಡುತ್ತದೆ. ದೊಡ್ಡ ಸಂಬಳದ ಕಂಪನಿಗಳ ವಿಮೆಯೂ ಶಸ್ತ್ರಕ್ರಿಯೆಯೊಡನೆ ಆಮೇಲಿನ ಫೆರಿಟಿನ್ ಪರೀಕ್ಷೆಯನ್ನೂ ಮಾತ್ರೆಯನ್ನೂ ಸೇರಿಸಿಕೊಳ್ಳುವುದು ನ್ಯಾಯವೆಂದು ನನ್ನ ದೃಢವಾದ ಅಭಿಪ್ರಾಯ. ಶಸ್ತ್ರಕ್ರಿಯೆಗೆ ತೆತ್ತ ಹಣದ ಮುಂದೆ ಅವುಗಳ ವೆಚ್ಚ ಲೆಕ್ಕಕ್ಕೆ ಬಾರದಷ್ಟು.

ಅದು ಆಗುವವರೆಗೆ ಹೊಣೆ ರೋಗಿಯದೇ. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿಯನ್ನೂ ಬಾಡಿಗೆಮನೆಯನ್ನೂ ಬದಲಿಸುವ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಜನರು, ಶಸ್ತ್ರಕ್ರಿಯೆಯ ವಿಧ, ಅದು ನಡೆದ ದಿನಾಂಕ, ಪ್ರತಿವರ್ಷದ ಹಿಮೋಗ್ಲೋಬಿನ್, ಫೆರಿಟಿನ್, ಬಿ12ಗಳ ಅಂಕಿಗಳು, ಈಗ ಸೇವಿಸುತ್ತಿರುವ ಔಷಧಗಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಹೊಸ ವೈದ್ಯರಿಗೆಲ್ಲ ಮೊದಲು ತೋರಿಸಬೇಕು. ಬೆನ್ನುನೋವಿಗೆಂದು ಔಷಧದಂಗಡಿಯಲ್ಲಿ ಮಾತ್ರೆ ಕೇಳುವಾಗಲೂ ಅದನ್ನು ಮರೆಯತಕ್ಕದ್ದಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳಂತಹ ನೋವುನಿವಾರಕಗಳೂ ಧೂಮಪಾನವೂ ಬೈಪಾಸಿನ ಜೋಡಣೆಯ ಸ್ಥಳದಲ್ಲಿ ಹುಣ್ಣನ್ನೆಬ್ಬಿಸಿ, ಕಣ್ಣಿಗೆ ಕಾಣದಂತೆ ರಕ್ತವನ್ನು ಸೋರಿಸುವುದುಂಟು. ಮಾತ್ರೆಯನ್ನು ತಪ್ಪದೆ ನುಂಗುತ್ತಿರುವವರ ಹಿಮೋಗ್ಲೋಬಿನ್ ಏಕಾಏಕಿ ಇಳಿದರೆ, ವಿಶೇಷವಾಗಿ ಪುರುಷರಲ್ಲಿ ಮತ್ತು ಮುಟ್ಟುನಿಂತವರಲ್ಲಿ, ಮಾತ್ರೆಯ ಪ್ರಮಾಣವನ್ನು ಹೆಚ್ಚಿಸುವುದಕ್ಕೆ ಮುಂಚೆ ದರ್ಶಕನಳಿಗೆಯನ್ನು (ಎಂಡೋಸ್ಕೋಪ್) ಇಳಿಸಿ ಆ ಜೋಡಣೆಯನ್ನು ನೋಡಬೇಕು.